ಸ್ಫೋಟದಲ್ಲಿ ಕೂಡಿದ ಲೋಹಗಳು ಕುಲುಮೆಯನ್ನು ತಾಳುತ್ತವೆಯೇ?

ಕೆಳಗೆ ದಪ್ಪನೆಯ ಉಕ್ಕಿನ ಪ್ಲೇಟ್. ಅದರ ಮೇಲೆ ಕೆಲವೇ ಮಿಲಿಮೀಟರ್ ಸಂದು ಬಿಟ್ಟು ತೆಳ್ಳನೆಯ ಟೈಟೇನಿಯಂ ಪ್ಲೇಟ್. ಅದರ ಬೆನ್ನ ಮೇಲೆ ಅಮೋನಿಯಂ ನೈಟ್ರೇಟ್ ಬೆರೆಸಿದ ಸ್ಫೋಟಕವನ್ನು ಹಾಸಿಗೆಯ ಹಾಗೆ ಹರಡುತ್ತಾರೆ. ಒಂದು ಅಂಚಿನಲ್ಲಿ ಡಿಟೊನೇಟರ್ ಇಡುತ್ತಾರೆ. ಕಿಡಿ ತಗುಲಿದ ಮೇಲೆ ಸ್ಫೋಟದ ಅಲೆ ಸೆಕೆಂಡಿಗೆ ಸುಮಾರು 2,000ದಿಂದ 3,500 ಮೀಟರ್ ವೇಗದಲ್ಲಿ ಓಡುತ್ತದೆ. 3 ಮೀಟರ್ ಉದ್ದದ ಪ್ಲೇಟ್ ಆದರೂ ಕೆಲಸ ಮುಗಿಯುವುದಕ್ಕೆ ಒಂದು ಮಿಲಿಸೆಕೆಂಡ್ ಚಿಲ್ಲರೆ ಸಾಕು. ಕಣ್ಣು ಮಿಟುಕಿಸುವುದಕ್ಕೆ ಅದರ ನೂರು ಪಟ್ಟು ಹೊತ್ತು ಬೇಕು.

ಆಮೇಲೆ ಏನು ಮಾಡುತ್ತಾರೆ ಗೊತ್ತಾ? ಮಿಲಿಸೆಕೆಂಡಿನಲ್ಲಿ ಕೂಡಿದ ಅದೇ ಜೋಡಿಯನ್ನು ಕುಲುಮೆಗೆ ತಳ್ಳಿ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ.

ಇದೇನೂ ಹೊಸ ತಂತ್ರವಲ್ಲ. ಆದರೆ ಈಗ ಇದರ ಮೇಲೆ ಭಾರ ಜಾಸ್ತಿ ಬಿದ್ದಿದೆ. ಬ್ಯಾಟರಿಗಳಿಗೆ ಬೇಕಾದ ನಿಕ್ಕಲ್ ಅನ್ನು ಒಂದು ಬಗೆಯ ಅದಿರಿನಿಂದ ತೆಗೆಯಲು ಸುಮಾರು 250 ಡಿಗ್ರಿಯಲ್ಲಿ, ಭಾರಿ ಒತ್ತಡದಲ್ಲಿ, ಸಲ್ಫ್ಯೂರಿಕ್ ಆಮ್ಲದಲ್ಲಿ ಅದಿರನ್ನು ಬೇಯಿಸಬೇಕು. ಆ ಪಾತ್ರೆಗಳ ಹೊರಮೈ ಉಕ್ಕು, ಒಳಮೈ ಟೈಟೇನಿಯಂ. ಎರಡನ್ನೂ ಕೂಡಿಸಿರುವುದು ಹೆಚ್ಚಾಗಿ ಸ್ಫೋಟವೇ. ಉಕ್ಕಿನ ಹಡಗಿನ ಮೇಲೆ ಅಲ್ಯೂಮಿನಿಯಂ ಮಹಡಿ ಕಟ್ಟುವಾಗ ನಡುವೆ ಬರುವ ಪಟ್ಟಿಯೂ ಇಂಥದ್ದೇ. ತಾಮ್ರ-ಅಲ್ಯೂಮಿನಿಯಂ ವಿದ್ಯುತ್ ಜೋಡಣೆಗಳಲ್ಲೂ ಇದಿದೆ. ಇವೆಲ್ಲ ಒಂದಲ್ಲ ಒಂದು ಹಂತದಲ್ಲಿ ಬಿಸಿ ಕಾಣುತ್ತವೆ. ಆ ಬಿಸಿ ಜೋಡಿಯನ್ನು ಗಟ್ಟಿ ಮಾಡುತ್ತದೋ, ಕೆಡಿಸುತ್ತದೋ? ಎರಡನ್ನೂ ಒಟ್ಟಿಗೇ ಮಾಡುತ್ತದೆ ಅನ್ನುವುದೇ ತೊಡಕು.

ಸಮಯ ಕೊಡದೆ ಗೆದ್ದ ಬೆಸುಗೆ

ಟೈಟೇನಿಯಂ ಮತ್ತು ಉಕ್ಕನ್ನು ಕರಗಿಸಿ ನೇರವಾಗಿ ಬೆಸೆಯಲು ಹೋದರೆ ಕೆಲಸ ಕೆಡುತ್ತದೆ. ಕರಗಿದ ಎರಡು ಲೋಹ ಬೆರೆತ ಕೂಡಲೇ ಕಬ್ಬಿಣ-ಟೈಟೇನಿಯಂ ಸಂಯುಕ್ತಗಳು ಹುಟ್ಟುತ್ತವೆ. ಇವಕ್ಕೆ ಇಂಟರ್‌ಮೆಟಾಲಿಕ್ ಅಂತ ಹೆಸರು. ತುಂಬಾ ಗಡುಸು, ಅಷ್ಟೇ ಪೆಡಸು. ಬೆಸುಗೆ ತಣ್ಣಗಾಗುವಾಗಲೇ ಗಾಜಿನ ಹಾಗೆ ಸೀಳುತ್ತದೆ. ಅಲ್ಯೂಮಿನಿಯಂ-ಉಕ್ಕಿನ ಕಥೆಯೂ ಇದೇ.

ಸ್ಫೋಟ ವೆಲ್ಡಿಂಗ್ ಈ ಜಗಳವನ್ನು ತಪ್ಪಿಸಿಕೊಳ್ಳುವ ರೀತಿ ಜಾಣತನದ್ದು. ಮೇಲಿನ ಪ್ಲೇಟ್ ಓರೆಯಾಗಿ ಬಂದು ಕೆಳಗಿನದಕ್ಕೆ ಬಡಿಯುತ್ತದೆ. ಬಡಿದ ಜಾಗದಲ್ಲಿ ಒತ್ತಡ ಎಷ್ಟು ಅಂದರೆ ಲೋಹದ ಮೇಲ್ಪದರ ದ್ರವದ ಹಾಗೆ ವರ್ತಿಸಿ, ಪಿಚಕಾರಿಯಂತೆ ಮುಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುಗೆ ಮೇಲ್ಮೈಯಲ್ಲಿದ್ದ ಆಕ್ಸೈಡ್, ಕೊಳೆ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ಹಿಂದೆ ಉಳಿದ ಎರಡು ಬೋಳು ಲೋಹಗಳು ಅಲ್ಲೇ ಅಪ್ಪಿಕೊಳ್ಳುತ್ತವೆ. ಗಡಿಯಲ್ಲಿ ಸಮುದ್ರದ ತೆರೆಯಂಥ ಅಲೆಗಳು ಮೂಡುತ್ತವೆ. ತೆರೆಯ ಸುಳಿಗಳಲ್ಲಿ ಚೂರುಪಾರು ಲೋಹ ಕರಗುತ್ತದೆ ನಿಜ. ಆದರೆ ಸುತ್ತಲೂ ತಣ್ಣನೆಯ ಲೋಹದ ರಾಶಿ ಇರುವುದರಿಂದ ಅದು ಸೆಕೆಂಡಿಗೆ ಲಕ್ಷ ಡಿಗ್ರಿಗೂ ಮೀರಿದ ವೇಗದಲ್ಲಿ ತಣಿಯುತ್ತದೆ. ಸಂಯುಕ್ತಗಳು ಬೆಳೆದು ಪದರವಾಗುವಷ್ಟು ಹೊತ್ತೇ ಸಿಗುವುದಿಲ್ಲ.

ಅಂದರೆ ಈ ಬೆಸುಗೆ ಗೆಲ್ಲುವುದೇ ಲೋಹಗಳಿಗೆ ಸಮಯ ಕೊಡದೆ. ಕುಲುಮೆ ಕೊಡುವುದು ಅದೇ ಸಮಯವನ್ನು.

ಇತಿಹಾಸದಲ್ಲೂ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಸ್ಫೋಟದಲ್ಲಿ ಲೋಹಗಳು ಅಂಟಿಕೊಳ್ಳುತ್ತವೆ ಅನ್ನುವುದು ಮೊದಲ ಮಹಾಯುದ್ಧದಲ್ಲೇ ಕಣ್ಣಿಗೆ ಬಿದ್ದಿತ್ತು. ಬಾಂಬಿನ ಚೂರುಗಳು ಬಡಿದ ಕಡೆ ಬೆಸೆದ ಹಾಗೆ ಕೂತಿರುತ್ತಿದ್ದವು. ಅದನ್ನು ಕಾರ್ಖಾನೆಯ ಕೆಲಸವಾಗಿಸಿದ ಡ್ಯುಪಾಂಟ್ ಕಂಪನಿಗೆ 1964ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. 1965ರಿಂದ ಅಮೆರಿಕ ಬೆಳ್ಳಿ ನಾಣ್ಯ ಬಿಟ್ಟು ಪದರದ ನಾಣ್ಯಕ್ಕೆ ಹೋದಾಗ, ಆ ಲೋಹದ ಒಂದು ಪಾಲು ಸ್ಫೋಟದಿಂದಲೇ ಬಂತು. ನಡುವೆ ತಾಮ್ರ, ಎರಡೂ ಕಡೆ ತಾಮ್ರ-ನಿಕ್ಕಲ್ ಮಿಶ್ರಲೋಹ. ತಾಮ್ರ ಮತ್ತು ನಿಕ್ಕಲ್ ಎಷ್ಟು ಬೆರೆತರೂ ಪೆಡಸು ಸಂಯುಕ್ತ ಹುಟ್ಟುವುದಿಲ್ಲ. ಕಾಯಿಸಿದರೂ, ಉರುಳೆಯಲ್ಲಿ ಲಟ್ಟಿಸಿದರೂ ಅವು ಜಗಳವಾಡುವ ಜೋಡಿಯಲ್ಲ. ಟೈಟೇನಿಯಂ-ಉಕ್ಕಿಗೆ ಆ ಭಾಗ್ಯ ಇಲ್ಲ.

ಹಾಗಿದ್ದರೆ ಕಾಯಿಸುವುದಾದರೂ ಯಾಕೆ?

ಸುಮ್ನೆ ಬಿಟ್ಟರೆ ಆಗುವುದಿಲ್ಲವೇ? ಕೆಲವು ಜೋಡಿಗಳನ್ನು ಹಾಗೇ ಬಿಡಬಹುದು. ಆದರೆ ಸ್ಫೋಟ ಮುಗಿದ ಮೇಲಿನ ಗಡಿಯನ್ನು ಒಮ್ಮೆ ಹತ್ತಿರದಿಂದ ನೋಡಿ.

ಪ್ಲೇಟಿನಿಂದ ಒಂದು ಚೂರು ಕತ್ತರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ಆಲ್ಕೋಹಾಲ್‌ನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿ ಒರೆಸುತ್ತಾರೆ. ಉಕ್ಕಿನ ಕಡೆ ಕಪ್ಪಾಗಿ ಕಣಗಳ ಚಿತ್ರ ಮೂಡುತ್ತದೆ. ಟೈಟೇನಿಯಂ ಏನೂ ಆಗದವರ ಹಾಗೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಗಡಿಯ ಅಲೆ ಕಾಣುತ್ತದೆ. ಅಲೆಯ ಹತ್ತಿರ ಉಕ್ಕಿನ ಕಣಗಳು ಗಾಳಿಗೆ ಬಾಗಿದ ಹುಲ್ಲಿನಂತೆ ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತವೆ. ಗಡಿಗೆ ಇನ್ನೂ ಹತ್ತಿರ ಹೋದರೆ ಕಣಗಳು ಕಾಣದಷ್ಟು ಸಣ್ಣ. ಟೈಟೇನಿಯಂ ಕಡೆ ಗಡಿಯಿಂದ ಓರೆಯಾಗಿ ಹೊರಟ ತೆಳು ಗೆರೆಗಳಿರುತ್ತವೆ. ಲೋಹ ಒಂದೇ ಗೆರೆಯಲ್ಲಿ ವಿಪರೀತ ಜಾರಿ, ಆ ಜಾರಿಕೆಯ ಬಿಸಿ ಅಲ್ಲೇ ಸಿಕ್ಕಿಬಿದ್ದ ಗುರುತು ಅದು. ಮುಂದೆ ಬಿರುಕು ಓಡಬೇಕಾದರೆ ಇದೇ ದಾರಿ ಹಿಡಿಯಬಹುದು. ಗಟ್ಟಿತನ ಅಳೆದರೂ ಅದೇ ಕಥೆ. ವಿಕರ್ಸ್ ಎಂಬ ಗಟ್ಟಿತನದ ಅಳತೆಯಲ್ಲಿ, ದೂರದಲ್ಲಿ 160 ಇರುವ ಉಕ್ಕು ಗಡಿಯ ಪಕ್ಕದಲ್ಲಿ 250ರ ಹತ್ತಿರ ತೋರಿಸಿದರೆ ಆಶ್ಚರ್ಯವಿಲ್ಲ.

ಇಂಥ ಸೆಟೆದುಕೊಂಡ ಲೋಹವನ್ನು ಬಗ್ಗಿಸುವುದು, ಗುಮ್ಮಟದ ಆಕಾರಕ್ಕೆ ಒತ್ತುವುದು ಅಪಾಯ. ಬಿಸಿ ಇಲ್ಲಿ ನಿಜಕ್ಕೂ ಮದ್ದು. 550-600 ಡಿಗ್ರಿಯಲ್ಲಿ ಇಟ್ಟರೆ ಉಕ್ಕಿನ ಕಣಗಳು ಸುಧಾರಿಸಿಕೊಳ್ಳುತ್ತವೆ, ಗಡಿಯ ಹತ್ತಿರ ಹೊಸ ಕಣಗಳು ಹುಟ್ಟುತ್ತವೆ. ಟೈಟೇನಿಯಂನ ಆ ಓರೆ ಗೆರೆಗಳು ಮಸುಕಾಗುತ್ತವೆ. ಗಟ್ಟಿತನ ಇಳಿದು ಬಾಗುವ ಗುಣ ಬರುತ್ತದೆ.

ಇನ್ನೊಂದು ಕಾರಣ ಲೋಹದ್ದಲ್ಲ, ನಿಯಮದ್ದು. ಒತ್ತಡದ ಪಾತ್ರೆ ಕಟ್ಟುವಾಗ ಉಕ್ಕಿನ ಗೋಡೆ ಒಂದು ಮಟ್ಟಕ್ಕಿಂತ ದಪ್ಪಗಿದ್ದರೆ, ವೆಲ್ಡಿಂಗ್ ಆದ ಮೇಲೆ ಕಾಯಿಸಲೇಬೇಕು ಅನ್ನುತ್ತದೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಎಎಸ್‌ಎಂಇ ಕೋಡ್. ಸಾಮಾನ್ಯ ಕಾರ್ಬನ್ ಉಕ್ಕಿಗೆ ಕನಿಷ್ಠ 595 ಡಿಗ್ರಿ. 50 ಮಿ.ಮೀ. ದಪ್ಪದವರೆಗೆ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ, ಆಮೇಲೆ ಪ್ರತಿ 25 ಮಿ.ಮೀ.ಗೆ ಕಾಲು ಗಂಟೆ. 100 ಮಿ.ಮೀ. ಗೋಡೆ ಅಂದರೆ ಎರಡೂವರೆ ಗಂಟೆ. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕುಗಳಿಗೆ ಈ ಬಿಸಿ 650, 675 ಡಿಗ್ರಿಗೂ ಏರುತ್ತದೆ. ಈ ಅಂಕಿಗಳೆಲ್ಲ ಉಕ್ಕಿನ ಯೋಗಕ್ಷೇಮ ನೋಡಿ ಬರೆದವು. ಒಳಗೆ ಅಂಟಿಕೊಂಡಿರುವ ಟೈಟೇನಿಯಂ ಏನನ್ನುತ್ತದೆ ಎಂದು ಕೇಳಿ ಬರೆದವಲ್ಲ. ನನ್ನ ಮಟ್ಟಿಗೆ ಈ ವಿಷಯದ ಮುಳ್ಳು ಇರುವುದು ಇಲ್ಲೇ: ಮದುವೆ ಇಬ್ಬರದು, ನಿಯಮ ಒಬ್ಬರದು.

595ರ ಸುತ್ತಮುತ್ತ ಏನಾಗುತ್ತದೆ

ಟೈಟೇನಿಯಂ-ಉಕ್ಕಿನ ಗಡಿಯಲ್ಲಿ ಬಿಸಿ ತಾಗಿದ ಕೂಡಲೇ ಮೊದಲು ಹೊರಡುವುದು ಕಾರ್ಬನ್. ಅದು ಸಣ್ಣ ಪರಮಾಣು, ಕಬ್ಬಿಣದ ಪರಮಾಣುಗಳ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ಟೈಟೇನಿಯಂಗೆ ಕಾರ್ಬನ್ ಅಂದರೆ ಪ್ರಾಣ. ಎರಡೂ ಗಡಿಯಲ್ಲಿ ಸೇರಿ ಟೈಟೇನಿಯಂ ಕಾರ್ಬೈಡ್ ಪದರ ಕಟ್ಟುತ್ತವೆ. ಅತ್ತ ಉಕ್ಕಿನ ಕಡೆ ಕಾರ್ಬನ್ ಖಾಲಿಯಾದ ಬಿಳಿ ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿ ಮೆತ್ತಗೆ. ಗಡಿಯ ಪದರ ಕಲ್ಲಿನಂತೆ ಗಟ್ಟಿ. ಮೆತ್ತನೆಯದರ ಪಕ್ಕದಲ್ಲೇ ಗಟ್ಟಿಯದು ಇದ್ದರೆ ಎಳೆತ ಬಿದ್ದಾಗ ಎಲ್ಲಿ ಬಿಡುತ್ತದೆ ಎಂದು ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಈ ಕಾರ್ಬೈಡ್ ಬರೀ ಖಳನಾಯಕ ಅಲ್ಲ. ಪದರ ತೆಳ್ಳಗಿರುವವರೆಗೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗವಾದ ಒಂದು ಮೈಕ್ರಾನ್‌ಗೂ ಕಡಿಮೆ ಇರುವಾಗ, ಅದು ಕಾವಲುಗಾರನ ಕೆಲಸವನ್ನೂ ಮಾಡುತ್ತದೆ. ಕಬ್ಬಿಣ ಟೈಟೇನಿಯಂ ಕಡೆಗೆ, ಟೈಟೇನಿಯಂ ಕಬ್ಬಿಣದ ಕಡೆಗೆ ದಾಟದಂತೆ ತಡೆಯುತ್ತದೆ. ಕಾರ್ಬನ್ ತೀರಾ ಕಡಿಮೆ ಇರುವ ಉಕ್ಕಿನ ಜೊತೆ ಟೈಟೇನಿಯಂ ಕೂಡಿಸಿದರೆ ಈ ಕಾವಲು ಇರುವುದಿಲ್ಲ. ಆಗ ಕಬ್ಬಿಣ-ಟೈಟೇನಿಯಂ ಸಂಯುಕ್ತಗಳು ಬೇಗ ತಲೆ ಎತ್ತುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಕ್ರೋಮಿಯಂ, ನಿಕ್ಕಲ್ ಕೂಡ ಆಟಕ್ಕೆ ಇಳಿಯುತ್ತವೆ, ಒಂದರ ಮೇಲೊಂದು ನಾಲ್ಕೈದು ಬಗೆಯ ಪದರ ಕಾಣಬಹುದು. ಕಾರ್ಬನ್ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕಾಚಾರ ಇಲ್ಲಿ ನೇರವಾಗಿ ನಡೆಯುವುದಿಲ್ಲ.

ಟೈಟೇನಿಯಂಗೆ ಇನ್ನೊಂದು ಗುಣ ಇದೆ. ಶುದ್ಧ ಟೈಟೇನಿಯಂ 882 ಡಿಗ್ರಿಯಲ್ಲಿ ತನ್ನ ಒಳರಚನೆಯನ್ನೇ ಬದಲಿಸುತ್ತದೆ. ಆಲ್ಫಾದಿಂದ ಬೀಟಾ ಆಗುತ್ತದೆ. ಬೀಟಾ ರೂಪದಲ್ಲಿ ಕಬ್ಬಿಣ ಧಾರಾಳವಾಗಿ ಕರಗುತ್ತದೆ, ಪರಮಾಣುಗಳು ಎಷ್ಟೋ ಪಟ್ಟು ವೇಗವಾಗಿ ಓಡಾಡುತ್ತವೆ. ಹಾಗಾಗಿ 850-900 ಡಿಗ್ರಿ ಮುಟ್ಟಿದ ಜೋಡಿಯ ಬಲ ಕುಸಿಯುವುದು ಸಹಜ. ಇಷ್ಟು ಎಲ್ಲರಿಗೂ ಗೊತ್ತು. ಕಡಿಮೆ ಜನ ಗಮನಿಸುವುದು ಇನ್ನೊಂದು: ಕಬ್ಬಿಣ ಸೇರಿದರೆ ಬೀಟಾ ಹುಟ್ಟಲು 882ರವರೆಗೆ ಕಾಯಬೇಕಾಗಿಲ್ಲ. ಕಬ್ಬಿಣ-ಟೈಟೇನಿಯಂ ಜೋಡಿಯಲ್ಲಿ ಆ ಹೊಸ್ತಿಲು ಸುಮಾರು 595 ಡಿಗ್ರಿಗೇ ಇಳಿದುಬಿಡುತ್ತದೆ. ಕೋಡ್ ಕಾರ್ಬನ್ ಉಕ್ಕಿಗೆ ಹೇಳುವ ಕನಿಷ್ಠ ಬಿಸಿಯೂ 595. ಇದು ಬರೀ ಕಾಕತಾಳೀಯ, ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಕುಲುಮೆಯವರು "ಕನಿಷ್ಠ ತಾನೇ, ಸೇಫಾಗಿರಲಿ" ಎಂದು 620ಕ್ಕೆ ಇಟ್ಟರೆ, ಉಕ್ಕಿಗೆ ಅದು ಲೆಕ್ಕಕ್ಕೇ ಬಾರದ ವ್ಯತ್ಯಾಸ. ಗಡಿಯಲ್ಲಿ ಕಬ್ಬಿಣ ಬೆರೆತ ಟೈಟೇನಿಯಂಗೆ ಅದು ಹೊಸ್ತಿಲ ಈಚೆಗೂ ಆಚೆಗೂ ಇರುವ ವ್ಯತ್ಯಾಸ. ಒಂದೆರಡು ಗಂಟೆಯಲ್ಲಿ ಆಕಾಶ ಕಳಚಿ ಬೀಳುವುದಿಲ್ಲ, ನಿಜ. ಆದರೂ ಬರೀ ರೂಢಿಯಿಂದ ಸೇರಿಸಿದ 25 ಡಿಗ್ರಿಗೂ ಬೆಲೆ ಇದೆ.

ಇನ್ನು ಸ್ಫೋಟದಲ್ಲಿ ಕರಗಿ ಗಟ್ಟಿಯಾದ ಸುಳಿಯ ಗಂಟುಗಳು. ಇವುಗಳಲ್ಲಿ ಪೆಡಸು ಸಂಯುಕ್ತ, ಸಣ್ಣ ಬಿರುಕು ಮೊದಲೇ ಇರುತ್ತವೆ. 600 ಡಿಗ್ರಿಯಲ್ಲಿ ಆ ಬಿರುಕುಗಳು ಕೂಡಿಕೊಳ್ಳುವುದಿಲ್ಲ. ಆದರೆ ಗಂಟುಗಳು ಒಂದಕ್ಕೊಂದು ದೂರ ಇದ್ದು, ನಡುವೆ ಗಟ್ಟಿಮುಟ್ಟಾದ ಲೋಹ ಇದ್ದರೆ ಅಷ್ಟೇನೂ ತೊಂದರೆ ಇಲ್ಲ. ಚದುರಿದ ದೊಡ್ಡ ಗಂಟಿಗಿಂತ, ಗಡಿಯುದ್ದಕ್ಕೂ ಹಬ್ಬಿದ ತೆಳು ಪದರಕ್ಕೆ ಹೆದರಬೇಕು. ಬಿರುಕಿಗೆ ಅದು ರಾಜಮಾರ್ಗ.

ಕುಲುಮೆಯ ಗಾಳಿಯದ್ದೂ ಒಂದು ಮಾತು. ಟೈಟೇನಿಯಂ ಬಿಸಿಯಲ್ಲಿ ಹೈಡ್ರೋಜನ್ ಅನ್ನು ಸ್ಪಂಜಿನ ಹಾಗೆ ಹೀರಿಕೊಂಡು ಪೆಡಸಾಗುತ್ತದೆ. ಅದಕ್ಕೇ ಕುಲುಮೆಯ ಜ್ವಾಲೆಯಲ್ಲಿ ಆಮ್ಲಜನಕ ಒಂಚೂರು ಜಾಸ್ತಿಯೇ ಇರಲಿ ಅನ್ನುತ್ತಾರೆ. ಮೇಲೆ ಕಟ್ಟುವ ಆಕ್ಸೈಡನ್ನು ಉಜ್ಜಿ ತೆಗೆಯಬಹುದು, ಒಳಗೆ ಹೋದ ಹೈಡ್ರೋಜನ್ ಅನ್ನು ಹೊರಗೆಳೆಯುವುದು ಕಷ್ಟ.

ಒತ್ತಡ ತೆಗೆಯಲು ಹೋಗಿ ಒತ್ತಡ ತುಂಬುವುದು

ಈ ಕಾಯಿಸುವಿಕೆಗೆ ಸ್ಟ್ರೆಸ್ ರಿಲೀವಿಂಗ್ ಅನ್ನುತ್ತಾರೆ. ಒಳಗೆ ಸಿಕ್ಕಿಬಿದ್ದ ಒತ್ತಡ ಬಿಡಿಸುವುದು ಅಂತ ಅರ್ಥ. ಒಂದೇ ಲೋಹವಾದರೆ ಹೆಸರಿಗೆ ತಕ್ಕ ಕೆಲಸ ಆಗುತ್ತದೆ. ಎರಡು ಲೋಹವಾದರೆ ಅರ್ಧ ಮಾತ್ರ.

ಲೆಕ್ಕ ಸುಲಭ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉಕ್ಕು ಸುಮಾರು 12 ಮೈಕ್ರಾನ್ ಉದ್ದವಾಗುತ್ತದೆ. ಟೈಟೇನಿಯಂ 8.6 ಮೈಕ್ರಾನ್. ಸುಮಾರು 600 ಡಿಗ್ರಿ ಏರಿದಾಗ ಉಕ್ಕು 7 ಮಿ.ಮೀ. ಮೀರಿ ಬೆಳೆದಿರುತ್ತದೆ, ಟೈಟೇನಿಯಂ 5 ಮಿ.ಮೀ. ಚಿಲ್ಲರೆ. ಮೀಟರಿಗೆ 2 ಮಿ.ಮೀ. ಅಂತರ. ಮೇಲೆ ಬಿಸಿಯಲ್ಲಿ ಇಬ್ಬರೂ ಮೆತ್ತಗಾಗಿ, ಹೊಂದಿಕೊಂಡು, ಹಳೆಯ ಒತ್ತಡ ಮರೆಯುತ್ತಾರೆ. ಸರಿ. ಆದರೆ ತಣಿಯುವಾಗ ಉಕ್ಕು 7 ಮಿ.ಮೀ. ಕುಗ್ಗಲು ಹೊರಡುತ್ತದೆ, ಟೈಟೇನಿಯಂ 5ಕ್ಕೇ ನಿಲ್ಲುತ್ತದೆ. ಗಡಿ ಇಬ್ಬರನ್ನೂ ಬಿಡುವುದಿಲ್ಲ. ಕೊನೆಗೆ ಟೈಟೇನಿಯಂ ಒತ್ತಿ ಹಿಡಿದ ಸ್ಥಿತಿಯಲ್ಲಿ, ಗಡಿಯ ಪಕ್ಕದ ಉಕ್ಕು ಎಳೆದ ಸ್ಥಿತಿಯಲ್ಲಿ ಉಳಿಯುತ್ತವೆ. ಕುಲುಮೆಯಿಂದ ಹೊರಬಂದ ಪ್ಲೇಟ್ ಬಾಗಿರುವುದು ಇದಕ್ಕೇ.

ಟೈಟೇನಿಯಂನ ಪುಣ್ಯ, ಒತ್ತಿ ಹಿಡಿದ ಮೈಗೆ ಬಿರುಕು ಬೇಗ ಬರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನದು ಉಲ್ಟಾ. ಅದರ ಹಿಗ್ಗುವಿಕೆ ಡಿಗ್ರಿಗೆ 16-17 ಮೈಕ್ರಾನ್, ಬೆನ್ನಿಗಿರುವ ಉಕ್ಕಿಗಿಂತ ಜಾಸ್ತಿ. ತಣಿಯುವಾಗ ಜಾಸ್ತಿ ಕುಗ್ಗಬೇಕಾದದ್ದು ಸ್ಟೇನ್‌ಲೆಸ್, ಉಕ್ಕು ಬಿಡುವುದಿಲ್ಲ. ಹಾಗಾಗಿ ಅದು ಎಳೆದ ಸ್ಥಿತಿಯಲ್ಲೇ ಉಳಿಯುತ್ತದೆ. ಕ್ಲೋರೈಡ್ ಇರುವ ದ್ರಾವಣಕ್ಕೆ ಇಂಥ ಎಳೆದ ಸ್ಟೇನ್‌ಲೆಸ್ ಸಿಕ್ಕರೆ ಬಿರುಕಿಗೆ ಹಬ್ಬ. "ಸ್ಟ್ರೆಸ್ ರಿಲೀವ್ ಆಗಿದೆ" ಎಂಬ ಸರ್ಟಿಫಿಕೇಟ್ ನೋಡಿ ನಿಶ್ಚಿಂತರಾಗುವವರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಜೋಡಿಗೊಂದು ಸ್ವಭಾವ

ಸ್ಟೇನ್‌ಲೆಸ್ ಸ್ಟೀಲ್ ಮತ್ತು ಕಾರ್ಬನ್ ಉಕ್ಕಿನ ಜೋಡಿಯಲ್ಲಿ ಬೆಸುಗೆಯ ಬಲದ ಬಗ್ಗೆ ತಲೆಬಿಸಿ ಕಡಿಮೆ. ಇಬ್ಬರೂ ಕಬ್ಬಿಣದ ಮನೆಯವರೇ. ಇಲ್ಲಿ ಕೆಡುವುದು ತುಕ್ಕು ತಡೆಯುವ ಗುಣ. 425ರಿಂದ 815 ಡಿಗ್ರಿ ನಡುವೆ ಹೊತ್ತು ಕಳೆದ ಸ್ಟೇನ್‌ಲೆಸ್‌ನಲ್ಲಿ ಕಣಗಳ ಅಂಚಿಗೆ ಕ್ರೋಮಿಯಂ ಕಾರ್ಬೈಡ್ ಬಂದು ಕೂರುತ್ತದೆ. ಅದರ ಪಕ್ಕದಲ್ಲಿ ಕ್ರೋಮಿಯಂ ಬಡವಾಗುತ್ತದೆ, ಅಲ್ಲಿಂದ ತುಕ್ಕು ಒಳಗೆ ಇಳಿಯುತ್ತದೆ. ಉಕ್ಕಿಗೆ ಬೇಕಾದ 595 ಈ ವಲಯದ ನಟ್ಟನಡುವೆ ಬೀಳುತ್ತದೆ. ಜೊತೆಗೆ ಉಕ್ಕಿನಿಂದ ವಲಸೆ ಬರುವ ಕಾರ್ಬನ್ ಬೇರೆ. ಕಾರ್ಬನ್ 0.03 ಶೇಕಡಾ ಮೀರದ 304ಎಲ್, 316ಎಲ್ ದರ್ಜೆಗಳನ್ನು ಆರಿಸುವುದು ಅದಕ್ಕೇ.

ಅಲ್ಯೂಮಿನಿಯಂ-ಉಕ್ಕು ಮುನಿಸಿನ ಜೋಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಉಕ್ಕಿನ ಸ್ಟ್ರೆಸ್ ರಿಲೀವಿಂಗ್ ಮಾತೇ ಇಲ್ಲ. 450-500 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಗಡಿಯಲ್ಲಿ ಅಲ್ಯೂಮಿನಿಯಂ ಜಾಸ್ತಿ ಇರುವ ಕಬ್ಬಿಣದ ಸಂಯುಕ್ತಗಳು ಬೆಳೆಯುತ್ತವೆ. ಅವುಗಳ ಗಟ್ಟಿತನ 1,000 ವಿಕರ್ಸ್ ಹತ್ತಿರ, ಒಂದು ಏಟಿಗೆ ಸಿಡಿಯುವ ಸ್ವಭಾವ. ಹಡಗು ಕಟ್ಟುವ ಕಡೆ ಇದರ ಪಾಲನೆ ಬಲು ಸರಳ. ಪಟ್ಟಿಯ ಒಂದು ಬದಿಗೆ ಅಲ್ಯೂಮಿನಿಯಂ, ಇನ್ನೊಂದು ಬದಿಗೆ ಉಕ್ಕು ವೆಲ್ಡ್ ಮಾಡುವಾಗ ನಡುವಿನ ಗಡಿ ಸುಮಾರು 300 ಡಿಗ್ರಿ ದಾಟಬಾರದು. ವೆಲ್ಡರ್ ಕೈಯಲ್ಲಿ ಒಂದು ಬಳಪ ಇರುತ್ತದೆ. ಇಷ್ಟೇ ಡಿಗ್ರಿಗೆ ಕರಗುವಂತೆ ಮಾಡಿದ ಬಳಪ. ಗಡಿಯ ಹತ್ತಿರ ಗೀಚಿದ ಗೆರೆ ಕರಗಿತೋ, ಟಾರ್ಚ್ ಕೆಳಗಿಟ್ಟು ಕಾಯಬೇಕು. ಪಟ್ಟಿಯ ಅಗಲ ಅಲ್ಯೂಮಿನಿಯಂ ದಪ್ಪದ ನಾಲ್ಕು ಪಟ್ಟು ಇರಲಿ ಎಂಬ ರೂಢಿಯೂ ಇದೆ. ಅಗಲ ಇದ್ದರೆ ಗಡಿಗೆ ಬರುವ ಭಾರವೂ ಹಂಚಿಹೋಗುತ್ತದೆ, ಬಿಸಿಯೂ ಹರಡುತ್ತದೆ. ನಡುವೆ ತೆಳ್ಳನೆಯ ಟೈಟೇನಿಯಂ ಪದರ ಹಾಕಿದರೆ ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ. ಟೈಟೇನಿಯಂ ಮತ್ತು ಅಲ್ಯೂಮಿನಿಯಂ ನಡುವೆ ಸಂಯುಕ್ತ ಬೆಳೆಯುವುದು ಅಷ್ಟು ನಿಧಾನ.

ತಾಮ್ರ-ಅಲ್ಯೂಮಿನಿಯಂ ಇನ್ನೂ ಸೂಕ್ಷ್ಮ. ಇಬ್ಬರೂ ಸೇರಿದರೆ 548 ಡಿಗ್ರಿಗೇ ಕರಗುವ ಮಿಶ್ರಣ ಆಗುತ್ತದೆ. ಅದಕ್ಕಿಂತ ಎಷ್ಟೋ ಕೆಳಗೆ, 400ರ ಹತ್ತಿರವೇ, ಮೂರು ಬಗೆಯ ಸಂಯುಕ್ತಗಳು ಪದರ ಪದರವಾಗಿ ಬೆಳೆಯುತ್ತವೆ. ಕೆಲವೇ ಮೈಕ್ರಾನ್ ದಪ್ಪಕ್ಕೆ ಜೋಡಿ ಪೆಡಸಾಗುತ್ತದೆ. ಈ ಸಂಯುಕ್ತಗಳ ವಿದ್ಯುತ್ ತಡೆಯೂ ತಾಮ್ರದ್ದಕ್ಕಿಂತ ಹಲವು ಪಟ್ಟು. ಭಾರಿ ಕರೆಂಟ್ ಹರಿಯುವ ಕಡೆ ಇದೊಂದು ವಿಷಚಕ್ರ. ತಡೆ ಜಾಸ್ತಿಯಾದರೆ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದರೆ ಪದರ ದಪ್ಪ, ಮತ್ತೆ ತಡೆ ಜಾಸ್ತಿ. ಎರಡು ಲೋಹಗಳ ಪರಮಾಣುಗಳು ಒಂದೇ ವೇಗದಲ್ಲಿ ದಾಟದಿದ್ದರೆ, ಬೇಗ ಹೊರಟವರ ಮನೆ ಖಾಲಿ ಬಿದ್ದು ಸಣ್ಣ ತೂತುಗಳೂ ಉಳಿಯುತ್ತವೆ. ಈ ವೇಗದ ವ್ಯತ್ಯಾಸವನ್ನು 1947ರಲ್ಲಿ ಹಿತ್ತಾಳೆ-ತಾಮ್ರದ ಜೋಡಿಯಲ್ಲಿ ತೋರಿಸಿಕೊಟ್ಟ ಲೋಹವಿಜ್ಞಾನಿ ಕರ್ಕೆಂಡಾಲ್ ಹೆಸರೇ ಅದಕ್ಕೆ ನಿಂತಿದೆ.

ತಾಮ್ರ-ಸ್ಟೇನ್‌ಲೆಸ್, ಟ್ಯಾಂಟಲಂ-ತಾಮ್ರ ಇವೆಲ್ಲ ಸಾಧು ಜೋಡಿಗಳು, ಸಂಯುಕ್ತದ ಕಾಟ ಇಲ್ಲ. ಅದಕ್ಕೇ ಜಗಳಗಂಟ ಜೋಡಿಗಳ ನಡುವೆ ಮಧ್ಯಸ್ಥಿಕೆಗೆ ಇಂಥವರನ್ನು ಕರೆಯುತ್ತಾರೆ. ಟೈಟೇನಿಯಂ ಮತ್ತು ಸ್ಟೇನ್‌ಲೆಸ್ ನಡುವೆ ಮೊದಲು ನಯೋಬಿಯಂ, ಆಮೇಲೆ ತಾಮ್ರ ಇಟ್ಟರೆ ಅಕ್ಕಪಕ್ಕದ ಯಾವ ಇಬ್ಬರ ನಡುವೆಯೂ ಪೆಡಸು ಸಂಯುಕ್ತ ಹುಟ್ಟುವುದಿಲ್ಲ. ಖರ್ಚು ಜಾಸ್ತಿ, ಸ್ಫೋಟದ ಕೆಲಸವೂ ಜಾಸ್ತಿ.

ಕಡಿಮೆ ಬಿಸಿ, ಜಾಸ್ತಿ ಹೊತ್ತು: ಯಾರಿಗೆ ಲಾಭ?

ಎಎಸ್‌ಎಂಇ ಕೋಡ್ ಒಂದು ಕಿಟಕಿ ತೆರೆದಿಟ್ಟಿದೆ. ಕಾರ್ಬನ್ ಉಕ್ಕನ್ನು 595ರ ಬದಲು 28 ಡಿಗ್ರಿ ಕಡಿಮೆ ಬಿಸಿಯಲ್ಲೂ ಹದ ಮಾಡಬಹುದು, ಆದರೆ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯ ಬದಲು 2 ಗಂಟೆ ಬೇಕು. 56 ಡಿಗ್ರಿ ಕಡಿಮೆ ಮಾಡಿದರೆ 4 ಗಂಟೆ. ಹೀಗೆ ಒಂದರ ಮೇಲೊಂದು ಲೋಹ ಕೂಡಿಸಿದ ಪ್ಲೇಟಿಗೆ ಕ್ಲ್ಯಾಡ್ ಪ್ಲೇಟ್ ಅನ್ನುತ್ತಾರೆ, ಅದರ ಕೆಲಸದವರಿಗೆ ಈ ಕಿಟಕಿ ಇಷ್ಟ. ಬಿಸಿ ಕಡಿಮೆಯಾದರೆ ಗಡಿಗೆ ಒಳ್ಳೆಯದು ತಾನೇ?

ಯಾವಾಗಲೂ ಅಲ್ಲ. ಕೂತು ಲೆಕ್ಕ ಹಾಕೋಣ. ಗಡಿಯ ಪದರದ ದಪ್ಪ ಹೊತ್ತಿನ ವರ್ಗಮೂಲದಂತೆ ಬೆಳೆಯುತ್ತದೆ. ನಾಲ್ಕು ಪಟ್ಟು ಹೊತ್ತು ಇಟ್ಟರೆ ದಪ್ಪ ಎರಡು ಪಟ್ಟು. ಬಿಸಿ ಇಳಿಸಿದರೆ ಬೆಳವಣಿಗೆಯ ವೇಗ ಎಷ್ಟು ಇಳಿಯುತ್ತದೆ ಅನ್ನುವುದು, ಪರಮಾಣು ಒಂದು ನೆಗೆತ ನೆಗೆಯಲು ದಾಟಬೇಕಾದ ದಿಬ್ಬದ ಎತ್ತರದ ಮೇಲೆ ನಿಂತಿದೆ. ಆ ದಿಬ್ಬ ಒಂದು ಮೋಲ್‌ಗೆ 200 ಕಿಲೋಜೂಲ್ ಎಂದುಕೊಳ್ಳಿ. 595ರಿಂದ 539ಕ್ಕೆ ಇಳಿದಾಗ ವೇಗದ ಅಂಕಿ ಸುಮಾರು 6.8 ಪಟ್ಟು ಕುಸಿಯುತ್ತದೆ. ಹೊತ್ತು 4 ಪಟ್ಟು ಏರಿದರೂ ಪದರ ಮೊದಲಿನ 77 ಶೇಕಡಾದಷ್ಟೇ. ಲಾಭ. ಈಗ ದಿಬ್ಬ 100 ಕಿಲೋಜೂಲ್ ಇರುವ ಜೋಡಿ ತೆಗೆದುಕೊಳ್ಳಿ. ವೇಗ ಇಳಿಯುವುದು 2.6 ಪಟ್ಟು ಮಾತ್ರ, ಹೊತ್ತು ಏರಿದ್ದು 4 ಪಟ್ಟು. ಪದರ ಮೊದಲಿಗಿಂತ ಸುಮಾರು 24 ಶೇಕಡಾ ದಪ್ಪ! ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದಾಯಿತು.

ಟೈಟೇನಿಯಂ-ಉಕ್ಕಿಗೆ 540ರ ಆಸುಪಾಸು ಒಳ್ಳೆಯದು ಎಂದೇ ನನಗೆ ಅನ್ನಿಸುತ್ತದೆ. ಬೀಟಾ ಹುಟ್ಟುವ ಹೊಸ್ತಿಲಿಗಿಂತ ಸಾಕಷ್ಟು ಕೆಳಗೆ ಇರುತ್ತೇವೆ, ಆ ಒಂದು ಕಾರಣವೇ ಸಾಕು. ಆದರೆ "ಕಡಿಮೆ ಬಿಸಿ ಎಂದರೆ ಸುರಕ್ಷಿತ" ಎಂಬುದನ್ನು ಎಲ್ಲ ಜೋಡಿಗಳಿಗೂ ಹಚ್ಚುವುದು ತಪ್ಪು. ಗಡಿ ಬಿಸಿಯನ್ನೂ ಎಣಿಸುತ್ತದೆ, ಗಂಟೆಗಳನ್ನೂ ಎಣಿಸುತ್ತದೆ.

ಎಲ್ಲಾ ಗಂಟೆಗಳನ್ನೂ. ಸ್ಫೋಟದ ನಂತರ ಕಾಯಿಸಿದ್ದು ಒಂದು. ಗುಮ್ಮಟ ಒತ್ತುವಾಗ ಕಾಯಿಸಿದ್ದು ಎರಡು. ವೆಲ್ಡಿಂಗ್ ಮುಗಿದ ಮೇಲಿನದ್ದು ಮೂರು. ತಪಾಸಣೆಯಲ್ಲಿ ದೋಷ ಸಿಕ್ಕಿ, ತೋಡಿ, ಮತ್ತೆ ವೆಲ್ಡ್ ಮಾಡಿದರೆ ನಾಲ್ಕು. ಪ್ರತಿ ಸಲವೂ ಕುಲುಮೆಯವರು "ನಾವು ನಿಯಮದಂತೆ ಎರಡೂವರೆ ಗಂಟೆ ಮಾತ್ರ ಇಟ್ಟಿದ್ದೇವೆ" ಅನ್ನುತ್ತಾರೆ. ಸುಳ್ಳೇನಲ್ಲ. ಗಡಿಯ ಖಾತೆಯಲ್ಲಿ ಮಾತ್ರ ನಾಲ್ಕೂ ಸೇರಿ ಒಟ್ಟು ಮೊತ್ತ ಬರೆದಿರುತ್ತದೆ.

ಪರೀಕ್ಷೆ ಪಾಸಾದರೆ ಸಾಕೇ?

ಟೈಟೇನಿಯಂನಂಥ ಲೋಹಗಳ ಕ್ಲ್ಯಾಡ್ ಪ್ಲೇಟ್‌ಗಳಿಗೆ ಎಎಸ್‌ಟಿಎಂ ಬಿ898 ಎಂಬ ಮಾನಕ ಇದೆ (ಎಎಸ್‌ಟಿಎಂ ಅಂದರೆ ಅಮೆರಿಕದ ಒಂದು ಮಾನಕ ಸಂಸ್ಥೆ). ಗಡಿಯನ್ನು ಜಾರಿಸಿ ಮುರಿಯುವ ಶಿಯರ್ ಪರೀಕ್ಷೆಯಲ್ಲಿ ಕನಿಷ್ಠ 138 ಮೆಗಾಪಾಸ್ಕಲ್ ಬರಬೇಕು. ಸ್ಫೋಟದಿಂದ ಚೆನ್ನಾಗಿ ಕೂಡಿದ ಜೋಡಿ ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಮೇಲಿರುತ್ತದೆ. ಕಾಯಿಸಿದ ಮೇಲೆ ಇಳಿದರೂ 138ರ ಗೆರೆ ದಾಟಿಯೇ ನಿಲ್ಲಬಹುದು. ಸಮಸ್ಯೆ ಅದೇ. ಅರ್ಧದಷ್ಟು ಬಲ ಕಳೆದುಕೊಂಡ ಗಡಿಯೂ ಪಾಸ್, ಏನೂ ಕಳೆದುಕೊಳ್ಳದ ಗಡಿಯೂ ಪಾಸ್. ಪೆಡಸುತನ ಮೊದಲು ಬಾಯಿ ಬಿಡುವುದು ಹೆಚ್ಚಾಗಿ ಬಗ್ಗಿಸುವ ಪರೀಕ್ಷೆಯಲ್ಲಿ. ಗಡಿ ಪಕ್ಕಕ್ಕೆ ಕಾಣುವಂತೆ ಚೂರನ್ನು ನಿಲ್ಲಿಸಿ ಬಗ್ಗಿಸಿದರೆ, ಪದರ ಬಿರಿದು ಬಾಯಿ ತೆರೆಯುವುದು ಬರಿಗಣ್ಣಿಗೇ ಕಾಣುತ್ತದೆ.

ಅಲ್ಟ್ರಾಸೌಂಡ್ ತಪಾಸಣೆಯ ಮೇಲೂ ಅತಿಯಾದ ನಂಬಿಕೆ ಬೇಡ. ಎಲ್ಲಿ ಅಂಟಿಲ್ಲ ಎಂದು ಅದು ಚೆನ್ನಾಗಿ ಹೇಳುತ್ತದೆ. ಅಂಟಿರುವ ಕಡೆ ಎರಡು ಮೈಕ್ರಾನ್ ಪೆಡಸು ಪದರ ಇದೆಯೋ ಇಲ್ಲವೋ, ಅದಕ್ಕೆ ಕಾಣುವುದಿಲ್ಲ.

ಇದಕ್ಕೆ ದಾರಿ ಇಲ್ಲದಿಲ್ಲ. ಒತ್ತಡದ ಪಾತ್ರೆಯ ಉಕ್ಕಿಗೆ ಅನ್ವಯಿಸುವ ಎಎಸ್‌ಟಿಎಂ ಎ20 ಮಾನಕದಲ್ಲಿ ಎಸ್3 ಎಂಬ ಹೆಚ್ಚುವರಿ ಷರತ್ತು ಇದೆ. ಮುಂದೆ ಪಾತ್ರೆ ಕಾಣಲಿರುವ ಬಿಸಿಯನ್ನೆಲ್ಲ ಪರೀಕ್ಷೆಯ ಚೂರಿಗೂ ಕೊಟ್ಟು, ಆಮೇಲೆ ಬಲ ಅಳೆಯಿರಿ ಅನ್ನುವುದು ಅದರ ತಿರುಳು. ಖರೀದಿಸುವವರು ಕೇಳಿದರೆ ಮಾತ್ರ ಮಾಡುತ್ತಾರೆ. ಕ್ಲ್ಯಾಡ್ ಪ್ಲೇಟ್ ಕೊಳ್ಳುವವರು ಇದೇ ಮಾದರಿಯಲ್ಲಿ ಗಡಿಯ ಶಿಯರ್ ಮತ್ತು ಬಾಗು ಪರೀಕ್ಷೆ ಎರಡನ್ನೂ ಕೇಳಬೇಕು. ಅದೂ ಮೂರು ಸಲದ ಬಿಸಿಗಲ್ಲ, ರಿಪೇರಿಯದ್ದೂ ಸೇರಿಸಿ ನಾಲ್ಕೈದು ಸಲದ ಬಿಸಿಗೆ. ಆರ್ಡರ್ ಪತ್ರದಲ್ಲಿ ಎರಡು ಸಾಲು ಜಾಸ್ತಿ ಬರೆದರೆ ಆಯಿತು.

ಇನ್ನು ಪಾತ್ರೆ ಹತ್ತಾರು ವರ್ಷ ದುಡಿದ ಮೇಲೆ ಉಕ್ಕಿನ ಗೋಡೆಗೆ ರಿಪೇರಿ ಬಂದರೆ? ಅಷ್ಟು ದೊಡ್ಡ ಪಾತ್ರೆಯನ್ನು ಮತ್ತೆ ಕುಲುಮೆಗೆ ಒಯ್ಯುವುದು ಕಷ್ಟ, ಒಯ್ದರೂ ಗಡಿಯ ಖಾತೆಗೆ ಇನ್ನೊಂದು ಕಂತು. ಇಂಥ ಕಡೆ ಟೆಂಪರ್ ಬೀಡ್ ಎಂಬ ವಿಧಾನ ಕೈ ಹಿಡಿಯುತ್ತದೆ. ವೆಲ್ಡಿಂಗ್ ಸಾಲುಗಳನ್ನು ಅಳೆದು ತೂಗಿ ಒಂದರ ಮೇಲೊಂದು ಹಾಕುತ್ತಾರೆ. ಮೇಲಿನ ಸಾಲಿನ ಬಿಸಿಯೇ ಕೆಳಗಿನ ಸಾಲು ಗಡುಸು ಮಾಡಿದ ಉಕ್ಕನ್ನು ಹದಕ್ಕೆ ತರುತ್ತದೆ. ಕುಲುಮೆ ಬೇಕಿಲ್ಲ. ಒಳಗಿನ ಟೈಟೇನಿಯಂ ಮೇಲೆ ಬಿಸಿ ಅಳೆಯುವ ಒಂದು ಥರ್ಮೋಕಪಲ್ ಅಂಟಿಸಿಟ್ಟು, ಹೊರಗೆ ಮೀಟರ್ ನೋಡುತ್ತಾ ಒಬ್ಬರು ಕೂರುತ್ತಾರೆ. ಮುಳ್ಳು ಏರುತ್ತಿದೆ ಎಂದರೆ ವೆಲ್ಡರ್‌ಗೆ ಕೈ ತೋರಿಸುತ್ತಾರೆ. ಅವರು ನಿಲ್ಲಿಸುತ್ತಾರೆ, ತಣಿಯಲು ಬಿಡುತ್ತಾರೆ, ಮತ್ತೆ ಶುರು ಮಾಡುತ್ತಾರೆ.